ಜಾವಾ ಸರ್ವರ್‌ನಲ್ಲಿ ಮೆಮೊರಿ ಏರುತ್ತಲೇ ಇದೆಯೇ? ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ಮೆಮೊರಿ ಶೇ. 90 ದಾಟಿದೆ ಎಂದು ಅಲರ್ಟ್ ಬಂದರೆ ಬಹಳಷ್ಟು ತಂಡಗಳು ಎರಡರಲ್ಲಿ ಒಂದು ಕೆಲಸ ಮಾಡುತ್ತವೆ. ಸರ್ವರ್ ರೀಸ್ಟಾರ್ಟ್ ಮಾಡುತ್ತವೆ, ಇಲ್ಲವೇ ಹೀಪ್ (ಜಾವಾ ತನ್ನ ಆಬ್ಜೆಕ್ಟ್‌ಗಳನ್ನು ಇಡುವ ಮೆಮೊರಿ) ಜಾಸ್ತಿ ಮಾಡುತ್ತವೆ. ಎರಡರಿಂದಲೂ ಆ ರಾತ್ರಿ ನೆಮ್ಮದಿಯಾಗಿ ಕಳೆಯುತ್ತದೆ. ಆದರೆ ರೀಸ್ಟಾರ್ಟ್ ಮಾಡಿದ ಕ್ಷಣವೇ ಇದ್ದ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ತೊಂದರೆ ನಿಜವಾಗಿ ಹೀಪ್‌ನಲ್ಲಿ ಇಲ್ಲದಿದ್ದರೆ, ಹೀಪ್ ದೊಡ್ಡದು ಮಾಡಿದಷ್ಟೂ ಸರ್ವರ್ ಬೇಗ ಬೀಳುತ್ತದೆ.

ಹಾಗಾಗಿ ಈ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. ಏರಿರುವುದು ಯಾವ ಮೆಮೊರಿ? ಅದು ನಿಜವಾಗಿ ಬೆಳೆಯುತ್ತಿದೆಯೇ? ಬೆಳೆಯುತ್ತಿದ್ದರೆ ಅದನ್ನು ಹಿಡಿದುಕೊಂಡವರು ಯಾರು? ಕ್ರಮ ತಪ್ಪಿದರೆ ದಿನಗಟ್ಟಲೆ ತಪ್ಪು ಜಾಗದಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ.

ಇಲ್ಲಿ ಲಿನಕ್ಸ್ ಮೇಲೆ ಓಡುವ ಟಾಮ್‌ಕ್ಯಾಟ್ ಸರ್ವರನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಯಂತ್ರದಲ್ಲಿ 16 ಜಿಬಿ ರ‍್ಯಾಮ್ ಇದೆ, ಹೀಪ್‌ಗೆ 8 ಜಿಬಿ ಕೊಟ್ಟಿದ್ದೇವೆ. ನೀವು ಬಳಸುವುದು ವೈಲ್ಡ್‌ಫ್ಲೈ ಆಗಿರಲಿ, ವೆಬ್‌ಲಾಜಿಕ್ ಆಗಿರಲಿ, ಸ್ಪ್ರಿಂಗ್ ಬೂಟ್ ಆಗಿರಲಿ, ದಾರಿ ಹೆಚ್ಚು ಕಡಿಮೆ ಇದೇ. ಕಮಾಂಡ್‌ಗಳನ್ನು ಉಚ್ಚರಿಸುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ರೂಪ ಬಳಸಿ.

ಹಂತ 1: ಯಂತ್ರದಲ್ಲಿ ನಿಜಕ್ಕೂ ಮೆಮೊರಿ ಕಡಿಮೆ ಇದೆಯೇ ನೋಡಿ

ಫ್ರೀ ಕಮಾಂಡನ್ನು ಮೈನಸ್ ಎಂ ಆಯ್ಕೆಯೊಂದಿಗೆ ಓಡಿಸಿ. ಅದರಲ್ಲಿ 'ಫ್ರೀ' ಎಂಬ ಕಾಲಂ ಚಿಕ್ಕದಾಗಿ ಕಂಡರೆ ಗಾಬರಿ ಬೇಡ. ಲಿನಕ್ಸ್ ಖಾಲಿ ಇರುವ ರ‍್ಯಾಮನ್ನು ಸುಮ್ನೆ ಬಿಡುವುದಿಲ್ಲ. ಡಿಸ್ಕ್‌ನಿಂದ ಓದಿದ ಫೈಲುಗಳನ್ನು ಅಲ್ಲಿ ಇಟ್ಟುಕೊಳ್ಳುತ್ತದೆ, ಯಾವುದಾದರೂ ಪ್ರೋಗ್ರಾಂ ಕೇಳಿದರೆ ಬಿಟ್ಟುಕೊಡುತ್ತದೆ. ನೀವು ನೋಡಬೇಕಾದದ್ದು 'ಅವೈಲಬಲ್' ಕಾಲಂ. ಅದು ಸಾಕಷ್ಟಿದ್ದು, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಬಳಕೆ ಏರುತ್ತಿಲ್ಲ ಎಂದರೆ ಯಂತ್ರ ಆರಾಮಾಗಿದೆ. ಎಷ್ಟೋ ಅಲರ್ಟ್‌ಗಳು ಇಲ್ಲಿಗೇ ಮುಗಿಯುತ್ತವೆ. ಆಗ ಸರಿಪಡಿಸಬೇಕಾದದ್ದು ಅಲರ್ಟ್‌ನ ಲೆಕ್ಕವನ್ನೇ.

ನಂತರ ಟಾಪ್ ತೆರೆದು, ಶಿಫ್ಟ್ ಒತ್ತಿಕೊಂಡು ಎಂ ಒತ್ತಿ. ಮೆಮೊರಿ ಜಾಸ್ತಿ ಬಳಸುವ ಪ್ರಾಸೆಸ್ ಮೇಲೆ ಬರುತ್ತದೆ. 'ವರ್ಟ್' ಕಾಲಂ ಬಿಟ್ಟುಬಿಡಿ. ಅದು ಜಾವಾ ಕಾದಿರಿಸಿದ ವಿಳಾಸಗಳ ಲೆಕ್ಕ, ರ‍್ಯಾಮ್ ಲೆಕ್ಕ ಅಲ್ಲ. 'ರೆಸ್' ಕಾಲಂ ನಿಜವಾಗಿ ರ‍್ಯಾಮ್‌ನಲ್ಲಿ ಕೂತಿರುವ ಭಾಗ.

ಸರ್ವರ್ ಈಗಾಗಲೇ ಸತ್ತಿದ್ದರೆ, ಅದನ್ನು ಕೊಂದವರು ಯಾರು ಎಂದು ತಿಳಿಯಬೇಕು. ಡಿಮೆಸೇಜ್ (ಡಿ-ಎಂ-ಇ-ಎಸ್-ಜಿ) ಕಮಾಂಡನ್ನು ಮೈನಸ್ ದೊಡ್ಡ ಟಿ ಜೊತೆ ಓಡಿಸಿ, 'ಕಿಲ್ಡ್ ಪ್ರಾಸೆಸ್' ಎಂಬ ಸಾಲು ಹುಡುಕಿ. ಅಲ್ಲಿ ಜಾವಾ ಹೆಸರಿದ್ದರೆ ಕೊಂದದ್ದು ಲಿನಕ್ಸ್ ಕರ್ನಲ್. ಆಗ ಜಾವಾ ಲಾಗ್‌ನಲ್ಲಿ ಏನೂ ಸಿಗುವುದಿಲ್ಲ, ಹೀಪ್ ಡಂಪ್ (ಹೀಪ್‌ನಲ್ಲಿರುವುದನ್ನೆಲ್ಲ ಬರೆದಿಟ್ಟ ಫೈಲ್) ಕೂಡ ಇರುವುದಿಲ್ಲ. ಸರ್ವರ್ ಓಡುವುದು ಕಂಟೇನರ್‌ನಲ್ಲಿ (ತನ್ನದೇ ಮೆಮೊರಿ ಮಿತಿ ಇರುವ ಪ್ರತ್ಯೇಕ ಆವರಣ) ಆಗಿದ್ದರೆ ಎಕ್ಸಿಟ್ ಕೋಡ್ 137 ಕಾಣುತ್ತದೆ. ಅದು 128 ಕ್ಕೆ ಕಿಲ್ ಸಿಗ್ನಲ್‌ನ 9 ಸೇರಿದ ಸಂಖ್ಯೆ. ಲಾಗ್‌ನಲ್ಲಿ 'ಔಟ್ ಆಫ್ ಮೆಮೊರಿ ಎರರ್' ಇದ್ದರೆ ಅದು ಜಾವಾ ತಾನೇ ಕೈಚೆಲ್ಲಿದ ಗುರುತು. ಇವೆರಡೂ ಬೇರೆ ಬೇರೆ ರೋಗಗಳು, ಮದ್ದೂ ಬೇರೆ. ಇಲ್ಲಿ ಗೊಂದಲ ಮಾಡಿಕೊಳ್ಳಬೇಡಿ.

ಹಂತ 2: ಹೀಪ್ ಒಳಗೋ, ಹೊರಗೋ?

ಹೀಪ್‌ಗೆ 8 ಜಿಬಿ ಕೊಟ್ಟಿದ್ದೇವೆ, ಟಾಪ್ 9.5 ಜಿಬಿ ತೋರಿಸುತ್ತಿದೆ. ಇದು ಲೀಕ್ (ಬೇಡವಾದ ಮೇಲೂ ಬಿಡುಗಡೆಯಾಗದೆ ಬೆಳೆಯುವ ಮೆಮೊರಿ) ಅಲ್ವಾ ಎಂದು ಕೇಳುವವರು ಬಹಳ. ಅಲ್ಲ. ಹೀಪ್ ಗಾತ್ರ ಹೇಳುವ ಎಕ್ಸ್‌ಎಂಎಕ್ಸ್ ಆಯ್ಕೆ ಹಾಕುವ ಮಿತಿ ಹೀಪ್‌ಗೆ ಮಾತ್ರ. ಜೆವಿಎಂಗೆ (ಜಾವಾ ಕೋಡ್ ಓಡಿಸುವ ಪ್ರೋಗ್ರಾಂ) ಬೇರೆ ಖರ್ಚುಗಳೂ ಇವೆ.

ಪ್ರತಿ ಥ್ರೆಡ್‌ಗೆ (ಒಂದೇ ಹೊತ್ತಿಗೆ ನಡೆಯುವ ಕೆಲಸಗಳ ಒಂದೊಂದು ಎಳೆ) ಸ್ಟ್ಯಾಕ್ ಎಂಬ ತನ್ನದೇ ಮೆಮೊರಿ ಬೇಕು. 64 ಬಿಟ್ ಲಿನಕ್ಸ್‌ನಲ್ಲಿ ಅದರ ಡಿಫಾಲ್ಟ್ ಮಿತಿ 1 ಎಂಬಿ. ಟಾಮ್‌ಕ್ಯಾಟ್‌ನ ಒಂದು ಕನೆಕ್ಟರ್ ಡಿಫಾಲ್ಟ್ ಆಗಿ 200 ಥ್ರೆಡ್‌ಗಳವರೆಗೆ ಹೋಗಬಹುದು. ಅದರ ಮೇಲೆ ನಿಮ್ಮದೇ ಥ್ರೆಡ್ ಪೂಲ್‌ಗಳು ಇರುತ್ತವೆ. ಲೋಡ್ ಆದ ಕ್ಲಾಸ್‌ಗಳ ವಿವರ ಮೆಟಾಸ್ಪೇಸ್‌ನಲ್ಲಿ ಇರುತ್ತದೆ. 2014 ರ ಜಾವಾ 8 ರಿಂದ ಇದು ಹಿಂದೆ ಅದೇ ಕೆಲಸಕ್ಕಿದ್ದ ಪರ್ಮ್‌ಜೆನ್ ಎಂಬುದರ ಜಾಗಕ್ಕೆ ಬಂತು. ನೀವು ಮಿತಿ ಹಾಕದಿದ್ದರೆ ಅದಕ್ಕೆ ಮಿತಿಯೇ ಇಲ್ಲ. ಜಿಟ್ (ಓಡುತ್ತಿರುವಾಗಲೇ ಕೋಡನ್ನು ಯಂತ್ರದ ಭಾಷೆಗೆ ತರುವ ಭಾಗ) ಕಂಪೈಲ್ ಮಾಡಿದ ಕೋಡ್‌ಗೆ 240 ಎಂಬಿವರೆಗೆ ಕೋಡ್ ಕ್ಯಾಶ್. ನೆಟ್‌ವರ್ಕ್ ಕೆಲಸಕ್ಕೆ ಡೈರೆಕ್ಟ್ ಬಫರ್‌ಗಳು. ಬೇಡದ ಆಬ್ಜೆಕ್ಟ್‌ಗಳನ್ನು ತೆಗೆದುಹಾಕುವ ಗಾರ್ಬೇಜ್ ಕಲೆಕ್ಟರ್‌ಗೆ ತನ್ನದೇ ಲೆಕ್ಕದ ಪುಸ್ತಕಗಳು. ಇವೆಲ್ಲ ಸೇರಿ 8 ಜಿಬಿ ಹೀಪ್‌ನ ಮೇಲೆ ಒಂದು, ಒಂದೂವರೆ ಜಿಬಿ ಬರುವುದು ಸಾಮಾನ್ಯ.

ಇನ್ನೊಂದು ಮಾತು. ಹೀಪ್ ಒಮ್ಮೆ ಬೆಳೆದ ಮೇಲೆ ಜೆವಿಎಂ ಅದನ್ನು ಬೇಗ ವಾಪಸ್ ಕೊಡುವುದಿಲ್ಲ. ಒಳಗೆ ಎಲ್ಲ ಖಾಲಿಯಾಗಿದ್ದರೂ ಟಾಪ್‌ನಲ್ಲಿ ಸಂಖ್ಯೆ ಹಾಗೆಯೇ ನಿಂತಿರುತ್ತದೆ. ಆದ್ದರಿಂದ ಟಾಪ್ ನೋಡಿ ಲೀಕ್ ಎಂದು ತೀರ್ಮಾನ ಮಾಡಬಾರದು. ಒಳಗಿನ ಲೆಕ್ಕಕ್ಕೆ ಜೆಸಿಎಂಡಿ ಕಮಾಂಡ್ ಬಳಸಿ. ಪ್ರಾಸೆಸ್ ಸಂಖ್ಯೆ ಕೊಟ್ಟು 'ಜಿಸಿ ಡಾಟ್ ಹೀಪ್ ಅಂಡರ್‌ಸ್ಕೋರ್ ಇನ್ಫೋ' ಕೇಳಿದರೆ (ಇದು ಜಾವಾ 9 ರಿಂದ ಇದೆ) ಹೀಪ್‌ನಲ್ಲಿ ಬಳಕೆ ಎಷ್ಟು, ಮೆಟಾಸ್ಪೇಸ್ ಎಷ್ಟು ಎಂದು ಹೇಳುತ್ತದೆ. ಟಾಮ್‌ಕ್ಯಾಟ್ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆಯೋ ಅದೇ ಯೂಸರ್ ಆಗಿ ಈ ಕಮಾಂಡ್ ಕೊಡಿ.

ಹೀಪ್ ತುಂಬಿದ್ದರೆ ಹಂತ 3 ರಿಂದ 5. ಹೀಪ್ ಆರಾಮಾಗಿದ್ದು ರೆಸ್ ಮಾತ್ರ ಏರುತ್ತಿದ್ದರೆ ನೇರವಾಗಿ ಹಂತ 6.

ಹಂತ 3: ರೀಸ್ಟಾರ್ಟ್‌ಗೆ ಮುಂಚೆ ಸಾಕ್ಷಿ ತೆಗೆದಿಡಿ

ಒಂದಕ್ಕಿಂತ ಹೆಚ್ಚು ಸರ್ವರ್ ಇದ್ದರೆ, ತೊಂದರೆ ಇರುವುದನ್ನು ಮೊದಲು ಲೋಡ್ ಬ್ಯಾಲೆನ್ಸರ್‌ನಿಂದ ಹೊರಗೆ ತೆಗೆಯಿರಿ. ಬಳಕೆದಾರರಿಗೆ ತೊಂದರೆ ನಿಲ್ಲುತ್ತದೆ, ನಿಮಗೂ ಸಮಯ ಸಿಗುತ್ತದೆ. ಆಮೇಲೆ ಹಗುರವಾದ ಕೆಲಸದಿಂದ ಭಾರದ ಕೆಲಸಕ್ಕೆ ಹೋಗಿ. ಮೊದಲು ಲಾಗ್‌ಗಳ ಪ್ರತಿ. ನಂತರ ಜೆಸಿಎಂಡಿಯ 'ಥ್ರೆಡ್ ಡಾಟ್ ಪ್ರಿಂಟ್' (ಥ್ರೆಡ್ ಡಂಪ್, ಅಂದರೆ ಯಾವ ಥ್ರೆಡ್ ಏನು ಮಾಡುತ್ತಿದೆ ಎಂಬ ಪಟ್ಟಿ). ನಂತರ 'ಜಿಸಿ ಡಾಟ್ ಕ್ಲಾಸ್ ಅಂಡರ್‌ಸ್ಕೋರ್ ಹಿಸ್ಟೋಗ್ರಾಂ' (ಯಾವ ಕ್ಲಾಸ್‌ನ ಆಬ್ಜೆಕ್ಟ್ ಎಷ್ಟಿವೆ ಎಂಬ ಪಟ್ಟಿ). ಕೊನೆಗೆ 'ಜಿಸಿ ಡಾಟ್ ಹೀಪ್ ಅಂಡರ್‌ಸ್ಕೋರ್ ಡಂಪ್'.

ಹೀಪ್ ಡಂಪ್ ಬರೆಯುವಾಗ ಇಡೀ ಅಪ್ಲಿಕೇಶನ್ ನಿಲ್ಲುತ್ತದೆ. 8 ಜಿಬಿ ಹೀಪ್ ಆದರೆ ಕೆಲವು ನಿಮಿಷವೂ ಆಗಬಹುದು. ಹಿಸ್ಟೋಗ್ರಾಂ ಕೂಡ ಮೊದಲು ಫುಲ್ ಜಿಸಿ (ಇಡೀ ಹೀಪ್‌ನ ಗಾರ್ಬೇಜ್ ಕಲೆಕ್ಷನ್) ಮಾಡಿಸುತ್ತದೆ. ಬಿಜಿ ಸಮಯದಲ್ಲಿ, ಜನ ಬಳಸುತ್ತಿರುವ ಸರ್ವರ್ ಮೇಲೆ ಇದನ್ನು ಮಾಡಬೇಡಿ.

ಡಂಪ್ ಎಲ್ಲಿ ಬರೆಯುತ್ತೀರಿ ಎಂಬುದೂ ಮುಖ್ಯ. ಫೈಲ್ ಗಾತ್ರ ಹೀಪ್‌ನಲ್ಲಿ ಜೀವಂತ ಇರುವ ಡೇಟಾದಷ್ಟೇ ಇರುತ್ತದೆ, ಅಷ್ಟು ಡಿಸ್ಕ್ ಜಾಗ ಬೇಕು. ಕೆಲವು ಲಿನಕ್ಸ್‌ಗಳಲ್ಲಿ ಟೆಂಪ್ ಫೋಲ್ಡರ್ ಇರುವುದು ರ‍್ಯಾಮ್‌ನಲ್ಲೇ. ಮೊದಲೇ ಮೆಮೊರಿ ಇಲ್ಲದ ಯಂತ್ರದಲ್ಲಿ ಅಲ್ಲಿಗೆ 6 ಜಿಬಿ ಬರೆದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಬೇರೆ ಡಿಸ್ಕ್‌ನ ಫೋಲ್ಡರ್ ಬಳಸಿ.

ಡಂಪ್ ಫೈಲ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್, ಲಾಗಿನ್ ಟೋಕನ್, ಗ್ರಾಹಕರ ಫೋನ್ ನಂಬರ್, ಆಧಾರ್ ಸಂಖ್ಯೆ ಎಲ್ಲವೂ ಓದಬಹುದಾದ ರೂಪದಲ್ಲೇ ಇರಬಹುದು. ಇದನ್ನು ಯಾವ ಆನ್‌ಲೈನ್ ಸೈಟ್‌ಗೂ ಅಪ್‌ಲೋಡ್ ಮಾಡಬೇಡಿ. ಚಾಟ್ ಗ್ರೂಪ್‌ನಲ್ಲಿ ಹಂಚಬೇಡಿ. ಬೇರೆಯವರು ಓದಲಾಗದಂತೆ ಪರ್ಮಿಶನ್ 600 ಹಾಕಿ, ಕೆಲಸ ಮುಗಿದ ಮೇಲೆ ಅಳಿಸಿ. ಬೇರೆಯವರ ಮಾಹಿತಿ ನಮ್ಮ ಕೈಯಲ್ಲಿದ್ದಾಗ ಈ ಎಚ್ಚರ ಇಲ್ಲದಿದ್ದರೆ ಆಗುವುದಿಲ್ಲ.

ಹಂತ 4: ಇದು ಲೀಕ್ ಹೌದೇ?

ಗಾರ್ಬೇಜ್ ಕಲೆಕ್ಟರ್ ಬಂದಾಗಲೆಲ್ಲ ಹೀಪ್ ಬಳಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಗ್ರಾಫ್ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಎಲ್ಲರ ಕಣ್ಣು ಹೋಗುವುದು ಹಲ್ಲಿನ ತುದಿಗೆ. ನೋಡಬೇಕಾದದ್ದು ಬುಡವನ್ನು, ಅಂದರೆ ಕಲೆಕ್ಷನ್ ಮುಗಿದ ಮೇಲೆ ಉಳಿದ ಮೆಮೊರಿಯನ್ನು.

ಜಿಸಿ ಲಾಗ್ ಇದ್ದರೆ ಅದರಲ್ಲೇ ಈ ಬುಡ ಸಿಗುತ್ತದೆ. ಜಾವಾ 9 ರ ನಂತರ ಎಕ್ಸ್‌ಲಾಗ್ ಆಯ್ಕೆಯಿಂದ ಇದನ್ನು ಶುರು ಮಾಡಬಹುದು. ಲಾಗ್ ಇಲ್ಲದಿದ್ದರೆ ಜೆಸ್ಟ್ಯಾಟ್ ಕಮಾಂಡನ್ನು ಜಿಸಿಯುಟಿಲ್ ಆಯ್ಕೆ, ಪ್ರಾಸೆಸ್ ಸಂಖ್ಯೆ ಮತ್ತು 1000 ಜೊತೆ ಓಡಿಸಿ. ಸೆಕೆಂಡಿಗೊಂದು ಸಾಲು ಬರುತ್ತದೆ. 'ಒ' ಕಾಲಂ ಓಲ್ಡ್ ಜನರೇಶನ್ (ಬಹುಕಾಲ ಉಳಿದ ಆಬ್ಜೆಕ್ಟ್‌ಗಳ ಜಾಗ) ಎಷ್ಟು ಶೇಕಡಾ ತುಂಬಿದೆ ಎಂದು ತೋರಿಸುತ್ತದೆ. 'ಎಫ್‌ಜಿಸಿ' ಫುಲ್ ಜಿಸಿಗಳ ಎಣಿಕೆ, 'ಎಫ್‌ಜಿಸಿಟಿ' ಅದಕ್ಕೆ ಹೋದ ಒಟ್ಟು ಸೆಕೆಂಡು.

ಬುಡ ದಿನವಿಡೀ ಒಂದೇ ಮಟ್ಟದಲ್ಲಿದ್ದರೆ ಅದು ಲೀಕ್ ಅಲ್ಲ. ಅಪ್ಲಿಕೇಶನ್‌ಗೆ ಅಷ್ಟು ಬೇಕು, ಅಷ್ಟೇ. ಬುಡ ದಿನದಿಂದ ದಿನಕ್ಕೆ ಏರುತ್ತಿದ್ದರೆ, ರಾತ್ರಿ ಯಾರೂ ಬಳಸದಿದ್ದಾಗಲೂ ಇಳಿಯದಿದ್ದರೆ, ಲೀಕ್ ಇದೆ. ಬುಡ ಶಾಂತವಾಗಿದ್ದು ಯಾವುದೋ ಒಂದು ಗಂಟೆಯಲ್ಲಿ ಮಾತ್ರ ಗೋಡೆಯಂತೆ ಎದ್ದರೆ ಒಂದು ಭಾರಿ ರಿಕ್ವೆಸ್ಟ್ ಅಥವಾ ಬ್ಯಾಚ್ ಜಾಬ್ ಹಿಡಿಯಬೇಕು. ಆ ಗಂಟೆಯ ಆಕ್ಸೆಸ್ ಲಾಗ್ ಮತ್ತು ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸಗಳ) ಪಟ್ಟಿ ನೋಡಿದರೆ ಅರ್ಧ ಕೆಲಸ ಮುಗಿಯಿತು.

ಜಾವಾ 9 ರಿಂದ ಡಿಫಾಲ್ಟ್ ಆಗಿರುವ ಜಿ1 ಕಲೆಕ್ಟರ್‌ನಲ್ಲಿ ಫುಲ್ ಜಿಸಿ ಅಪರೂಪ. ಅಲ್ಲಿ ಮಿಕ್ಸೆಡ್ (ಹೊಸ, ಹಳೆಯ ಜಾಗ ಎರಡನ್ನೂ ತೆರವು ಮಾಡುವ) ಕಲೆಕ್ಷನ್‌ಗಳ ಸರಣಿ ಮುಗಿದ ನಂತರದ ಮಟ್ಟವನ್ನು ಬುಡ ಎಂದುಕೊಳ್ಳಿ. ಜಿ1 ನಲ್ಲೂ ಫುಲ್ ಜಿಸಿ ಪದೇ ಪದೇ ಕಾಣುತ್ತಿದ್ದರೆ ಹೀಪ್ ನಿಜಕ್ಕೂ ಒತ್ತಡದಲ್ಲಿದೆ.

ಹಂತ 5: ಹಿಡಿದುಕೊಂಡವರು ಯಾರು?

ಮೊದಲು ಕ್ಲಾಸ್ ಹಿಸ್ಟೋಗ್ರಾಂ. ಒಂದು ಗಂಟೆ ಅಂತರದಲ್ಲಿ ಎರಡು ತೆಗೆದು ಹೋಲಿಸಿ. ಮೇಲಿನ ಸಾಲುಗಳಲ್ಲಿ ಬೈಟ್ ಅರೇ, ಸ್ಟ್ರಿಂಗ್, ಹ್ಯಾಶ್‌ಮ್ಯಾಪ್ ನೋಡ್ ಇದ್ದೇ ಇರುತ್ತವೆ. ಅವುಗಳಿಂದ ಏನೂ ತಿಳಿಯದು. ಕೆಳಗೆ ಇಳಿದು ನಿಮ್ಮದೇ ಪ್ಯಾಕೇಜ್ ಹೆಸರಿರುವ ಸಾಲು ಹುಡುಕಿ. ಗಂಟೆಗೆ ಗಂಟೆಗೆ ಏರುವ, ಎಂದೂ ಇಳಿಯದ ಕ್ಲಾಸ್ ಸಿಕ್ಕರೆ ಡಂಪ್ ತೆರೆಯುವ ಮೊದಲೇ ಸುಳಿವು ಸಿಕ್ಕಂತೆ.

ಡಂಪ್ ಓದಲು ಎಕ್ಲಿಪ್ಸ್ ಮೆಮೊರಿ ಅನಲೈಜರ್ ಬಳಸಿ. ಉಚಿತ, ಮತ್ತು ಈ ಕೆಲಸಕ್ಕೆ ಇದಕ್ಕಿಂತ ನಂಬಿಕಸ್ತ ಸಾಧನ ನನಗೆ ಕಂಡಿಲ್ಲ. ಎಲ್ಲರೂ ಇದನ್ನು ಮ್ಯಾಟ್ ಎನ್ನುತ್ತಾರೆ. ದೊಡ್ಡ ಡಂಪ್ ತೆರೆಯುವ ಮೊದಲು ಅದರ ಇನಿ ಫೈಲ್‌ನಲ್ಲಿ ಅದಕ್ಕೂ ಹೀಪ್ ಹೆಚ್ಚಿಸಬೇಕು. ತೆರೆದ ಕೂಡಲೇ 'ಲೀಕ್ ಸಸ್ಪೆಕ್ಟ್ಸ್' ವರದಿ ಕೊಡುತ್ತದೆ. ಅದನ್ನು ಓದಿ, ಆದರೆ ಅದೇ ತೀರ್ಪು ಎಂದುಕೊಳ್ಳಬೇಡಿ. ಬರೀ ದೊಡ್ಡದಾಗಿರುವ, ತಪ್ಪೇ ಇಲ್ಲದ ಕ್ಯಾಶನ್ನೂ ಅದು ಬೊಟ್ಟು ಮಾಡಿ ತೋರಿಸುತ್ತದೆ.

ಮುಖ್ಯವಾಗಿ ಎರಡು ಸಂಖ್ಯೆ ಅರ್ಥ ಮಾಡಿಕೊಳ್ಳಿ. ಶ್ಯಾಲೋ ಹೀಪ್ ಅಂದರೆ ಆ ಆಬ್ಜೆಕ್ಟ್ ತಾನೊಂದೇ ತೆಗೆದುಕೊಂಡ ಜಾಗ. ರಿಟೇನ್ಡ್ ಹೀಪ್ ಅಂದರೆ ಆ ಆಬ್ಜೆಕ್ಟ್ ಹೋದರೆ ಒಟ್ಟು ಬಿಡುಗಡೆಯಾಗುವ ಜಾಗ. ಒಂದು ಹ್ಯಾಶ್‌ಮ್ಯಾಪ್‌ನ ಶ್ಯಾಲೋ 48 ಬೈಟ್ ಇರಬಹುದು, ರಿಟೇನ್ಡ್ 3 ಜಿಬಿ ಇರಬಹುದು. 'ಡಾಮಿನೇಟರ್ ಟ್ರೀ' ತೆರೆದು ರಿಟೇನ್ಡ್ ಪ್ರಕಾರ ಮೇಲಿರುವುದನ್ನು ನೋಡಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಪಾತ್ ಟು ಜಿಸಿ ರೂಟ್ಸ್' ಆರಿಸಿ. ಸಡಿಲ ಹಿಡಿತದ ವೀಕ್ ಮತ್ತು ಸಾಫ್ಟ್ ರೆಫರೆನ್ಸ್‌ಗಳನ್ನು ಬಿಟ್ಟು ತೋರಿಸು ಎನ್ನಿ. ಆ ಆಬ್ಜೆಕ್ಟನ್ನು ಯಾರ ಕೈ ಬಿಡುತ್ತಿಲ್ಲ ಎಂದು ಸರಪಳಿಯಂತೆ ಕಾಣುತ್ತದೆ.

ಆ ಸರಪಳಿಯ ತುದಿಯಲ್ಲಿ ಮತ್ತೆ ಮತ್ತೆ ಸಿಗುವ ಮುಖಗಳು ಇವು.

ಸ್ಟ್ಯಾಟಿಕ್ ಮ್ಯಾಪ್. ಯಾರೋ ಕ್ಯಾಶ್ ಎಂದು ಬರೆದಿರುತ್ತಾರೆ, ಹಾಕುವ ಕೋಡ್ ಇರುತ್ತದೆ, ತೆಗೆಯುವ ಕೋಡ್ ಇರುವುದಿಲ್ಲ. ಗಾತ್ರಕ್ಕೂ ಸಮಯಕ್ಕೂ ಮಿತಿ ಇರುವ ಕೆಫೀನ್‌ನಂಥ ಲೈಬ್ರರಿ ಬಳಸಿ. ಕೀ ಆಗಿ ಬಳಸುವ ಕ್ಲಾಸ್‌ನಲ್ಲಿ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಇಲ್ಲದಿದ್ದರೆ ಒಂದೇ ಕೀ ಪ್ರತಿ ಸಲ ಹೊಸದಾಗಿ ಸೇರುತ್ತದೆ. ಕೋಡ್ ಓದುವಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ, ಡಂಪ್‌ನಲ್ಲಿ ಎದ್ದು ಕಾಣುತ್ತದೆ.

ಸೆಷನ್. ಮ್ಯಾಟ್‌ನಲ್ಲಿ 'ಸ್ಟ್ಯಾಂಡರ್ಡ್‌ಮ್ಯಾನೇಜರ್' ಕೆಳಗೆ ಸಾವಿರಾರು 'ಸ್ಟ್ಯಾಂಡರ್ಡ್‌ಸೆಷನ್' ಕಂಡರೆ ಇದೇ. ಟಾಮ್‌ಕ್ಯಾಟ್‌ನಲ್ಲಿ ಸೆಷನ್ ಡಿಫಾಲ್ಟ್ ಆಗಿ 30 ನಿಮಿಷ ಬದುಕುತ್ತದೆ, ಎಣಿಕೆಗೆ ಮಿತಿ ಇಲ್ಲ. ಜೆಎಸ್‌ಪಿ ಪುಟ ಹೇಳದಿದ್ದರೂ ಸೆಷನ್ ಮಾಡುತ್ತದೆ. ಲೋಡ್ ಬ್ಯಾಲೆನ್ಸರ್ 5 ಸೆಕೆಂಡಿಗೊಮ್ಮೆ ಹೆಲ್ತ್ ಚೆಕ್‌ಗೆ ಅಂಥ ಪುಟವನ್ನು ಕೇಳಿ, ಕುಕೀ ವಾಪಸ್ ಕೊಡದಿದ್ದರೆ, ಯಾವಾಗ ನೋಡಿದರೂ 360 ವ್ಯರ್ಥ ಸೆಷನ್ ಇರುತ್ತವೆ. ಸರ್ಚ್ ಬಾಟ್‌ಗಳು ಬಂದರೆ ಇನ್ನೂ ಜಾಸ್ತಿ. ಅಂಥ ಪುಟಗಳಲ್ಲಿ ಸೆಷನ್ ಫಾಲ್ಸ್ ಹಾಕಿ. ಸೆಷನ್ ಒಳಗೆ ಇಡೀ ಹುಡುಕಾಟದ ಫಲಿತಾಂಶ ಇಡುವ ಅಭ್ಯಾಸ ಬಿಡಿ, ಐಡಿ ಇಟ್ಟರೆ ಸಾಕು.

ಭಾರಿ ಕ್ವೆರಿ ಮತ್ತು ಎಕ್ಸೆಲ್ ವರದಿ. ನನ್ನ ಅನುಭವದಲ್ಲಿ ಕಚೇರಿ ಅಪ್ಲಿಕೇಶನ್‌ಗಳನ್ನು ಅತಿ ಹೆಚ್ಚು ಕಾಡುವುದು ಇದೇ. ತಿಂಗಳ ಕೊನೆಗೆ ಯಾರೋ ಇಡೀ ವರ್ಷದ ವರದಿ ಡೌನ್‌ಲೋಡ್ ಒತ್ತುತ್ತಾರೆ. ಮೈಎಸ್‌ಕ್ಯೂಎಲ್ ಜಾವಾ ಡ್ರೈವರ್ ಡಿಫಾಲ್ಟ್ ಆಗಿ ಎಲ್ಲ ಸಾಲುಗಳನ್ನೂ ಒಟ್ಟಿಗೆ ಮೆಮೊರಿಗೆ ತರುತ್ತದೆ. ಪೋಸ್ಟ್‌ಗ್ರೆಸ್ ಕೂಡ ಹಾಗೆಯೇ. ಅಲ್ಲಿ ಫೆಚ್ ಸೈಜ್ ಹಾಕುವುದರ ಜೊತೆ ಆಟೋಕಮಿಟ್ ಆಫ್ ಮಾಡಿದರೆ ಮಾತ್ರ ತುಂಡು ತುಂಡಾಗಿ ಬರುತ್ತದೆ. ಆಮೇಲೆ ಎಕ್ಸೆಲ್ ಫೈಲ್ ಬರೆಯಲು ಅಪಾಚೆ ಪಿಒಐ ಲೈಬ್ರರಿಯ ಎಕ್ಸ್‌ಎಸ್‌ಎಸ್‌ಎಫ್ ಬಳಸಿದರೆ ಇಡೀ ಹಾಳೆ ಹೀಪ್‌ನಲ್ಲಿ ಕೂರುತ್ತದೆ. ಎಸ್‌ಎಕ್ಸ್‌ಎಸ್‌ಎಸ್‌ಎಫ್ ಬಳಸಿದರೆ ಡಿಫಾಲ್ಟ್ ಆಗಿ 100 ಸಾಲು ಮಾತ್ರ ಮೆಮೊರಿಯಲ್ಲಿ, ಉಳಿದದ್ದು ತಾತ್ಕಾಲಿಕ ಫೈಲ್‌ನಲ್ಲಿ. ಕೋಡ್‌ನಲ್ಲಿ ಬದಲಾಗುವುದು ಕೆಲವೇ ಸಾಲು.

ಹೈಬರ್ನೇಟ್‌ನ (ಡೇಟಾಬೇಸ್ ಕೆಲಸಕ್ಕೆ ಬಳಸುವ ಜಾವಾ ಲೈಬ್ರರಿ) ಕ್ವೆರಿ ಪ್ಲಾನ್ ಕ್ಯಾಶ್. ಇನ್ ಎಂಬ ಷರತ್ತಿನಲ್ಲಿ ಒಮ್ಮೆ 7 ಐಡಿ, ಒಮ್ಮೆ 212 ಐಡಿ ಕಳಿಸಿದರೆ ಪ್ರತಿಯೊಂದೂ ಹೊಸ ಪ್ಲಾನ್. ಡಿಫಾಲ್ಟ್ ಮಿತಿ 2048 ಪ್ಲಾನ್‌ಗಳು, ಒಂದೊಂದೂ ಸಾಕಷ್ಟು ದೊಡ್ಡದಿರಬಹುದು. ಇನ್ ಕ್ಲಾಜ್ ಪ್ಯಾರಾಮೀಟರ್ ಪ್ಯಾಡಿಂಗ್ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಐಡಿಗಳ ಎಣಿಕೆ 2, 4, 8, 16 ಹೀಗೆ ಮೇಲಿನ ಹಂತಕ್ಕೆ ಹೋಗಿ ಪ್ಲಾನ್‌ಗಳು ಬಹಳ ಕಡಿಮೆಯಾಗುತ್ತವೆ.

ಥ್ರೆಡ್‌ಲೋಕಲ್ ಮತ್ತು ರೀಡಿಪ್ಲಾಯ್. ಸರ್ವರ್ ನಿಲ್ಲಿಸದೆ ಹೊಸ ವಾರ್ ಫೈಲ್ ಹಾಕುವ ಪದ್ಧತಿ ಇದ್ದರೆ ಥ್ರೆಡ್‌ಲೋಕಲ್‌ನಲ್ಲಿ (ಥ್ರೆಡ್‌ಗೆ ಅಂಟಿಕೊಂಡಿರುವ ಡೇಟಾ) ತೆಗೆಯದೆ ಬಿಟ್ಟ ಆಬ್ಜೆಕ್ಟ್‌ನಿಂದ ಹಳೆಯ ಅಪ್ಲಿಕೇಶನ್‌ನ ಕ್ಲಾಸ್‌ಲೋಡರ್ (ಅದರ ಕ್ಲಾಸ್‌ಗಳನ್ನು ಲೋಡ್ ಮಾಡಿದ ಭಾಗ) ಸಾಯದೆ ಉಳಿಯಬಹುದು. ಅದರಿಂದ ಮೆಟಾಸ್ಪೇಸ್ ಪ್ರತಿ ಡಿಪ್ಲಾಯ್‌ಗೂ ಏರುತ್ತದೆ. ಟಾಮ್‌ಕ್ಯಾಟ್ ಮ್ಯಾನೇಜರ್ ಪುಟದಲ್ಲಿ 'ಫೈಂಡ್ ಲೀಕ್ಸ್' ಎಂಬ ಬಟನ್ ಇದೆ, ಒತ್ತಿ ನೋಡಿ. ಅದು ಫುಲ್ ಜಿಸಿ ಮಾಡಿಸುತ್ತದೆ, ನೆನಪಿರಲಿ. ಪ್ರೊಡಕ್ಷನ್‌ನಲ್ಲಿ ಡಿಪ್ಲಾಯ್ ಜೊತೆ ರೀಸ್ಟಾರ್ಟ್ ಮಾಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಹಂತ 6: ಹೀಪ್ ಆರಾಮಾಗಿದೆ, ರೆಸ್ ಮಾತ್ರ ಏರುತ್ತಿದೆ

ಜೆವಿಎಂ ಶುರು ಮಾಡುವಾಗ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಆಯ್ಕೆಯನ್ನು 'ಸಮ್ಮರಿ' ಎಂದು ಹಾಕಿ. ವೇಗದಲ್ಲಿ ಶೇ. 5 ರಿಂದ 10 ರಷ್ಟು ನಷ್ಟ ಇರಬಹುದು, ಆದ್ದರಿಂದ ಒಂದೇ ಸರ್ವರ್‌ನಲ್ಲಿ ಸಾಕು. ಬೆಳಿಗ್ಗೆ ಜೆಸಿಎಂಡಿ 'ವಿಎಂ ಡಾಟ್ ನೇಟಿವ್ ಅಂಡರ್‌ಸ್ಕೋರ್ ಮೆಮೊರಿ' ಜೊತೆ 'ಬೇಸ್‌ಲೈನ್' ಕೊಡಿ. ಸಂಜೆ 'ಸಮ್ಮರಿ ಡಾಟ್ ಡಿಫ್' ಕೇಳಿ. ಥ್ರೆಡ್, ಕ್ಲಾಸ್, ಕೋಡ್, ಜಿಸಿ, ಯಾವುದು ಎಷ್ಟು ಏರಿತು ಎಂದು ಬೇರೆ ಬೇರೆಯಾಗಿ ಬರುತ್ತದೆ.

ಥ್ರೆಡ್ ಏರಿದ್ದರೆ ಥ್ರೆಡ್ ಡಂಪ್‌ನಲ್ಲಿ ಹೆಸರುಗಳನ್ನು ನೋಡಿ. ಪ್ರತಿ ರಿಕ್ವೆಸ್ಟ್‌ಗೂ ಹೊಸ ಎಕ್ಸಿಕ್ಯೂಟರ್ ಮಾಡಿ ಮುಚ್ಚದೆ ಬಿಟ್ಟ ಕೋಡ್ ಸಿಗುವ ಸಾಧ್ಯತೆ ಜಾಸ್ತಿ. 'ಹೊಸ ನೇಟಿವ್ ಥ್ರೆಡ್ ಮಾಡಲಾಗಲಿಲ್ಲ' ಎಂಬ ಎರರ್ ಬಂದರೆ ಹೀಪ್ ಹೆಚ್ಚಿಸಬೇಡಿ, ಥ್ರೆಡ್‌ಗೆ ಇರುವ ಜಾಗ ಇನ್ನೂ ಕಡಿಮೆಯಾಗುತ್ತದೆ. ಯೂಸರ್‌ಗೆ ಇರುವ ಪ್ರಾಸೆಸ್ ಮಿತಿಯನ್ನೂ ಅದೇ ಹೊತ್ತಿನಲ್ಲಿ ನೋಡಿ.

ಈ ಟ್ರ್ಯಾಕಿಂಗ್‌ನ ಒಟ್ಟು ಮೊತ್ತ ಸ್ಥಿರವಾಗಿದ್ದು ರೆಸ್ ಏರುತ್ತಿದ್ದರೆ, ಹೋಗುತ್ತಿರುವುದು ಅದಕ್ಕೆ ಕಾಣದ ಜಾಗದಲ್ಲಿ. ನೇಟಿವ್ ಲೈಬ್ರರಿಗಳು, ಮುಚ್ಚದೆ ಬಿಟ್ಟ ಜಿಪ್ ಸ್ಟ್ರೀಮ್‌ಗಳು ಇಲ್ಲಿ ಸೇರುತ್ತವೆ. ಜಿಲಿಬ್‌ಸಿಯ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಅರೀನಾಗಳೂ, ಅಂದರೆ ಅದು ಹಂಚಲು ಇಟ್ಟುಕೊಳ್ಳುವ ಮೆಮೊರಿ ಗುಂಪುಗಳೂ, ಒಂದು ಕಾರಣ. 64 ಬಿಟ್ ಯಂತ್ರದಲ್ಲಿ ಅದು ಕೋರ್‌ಗಳ ಎಂಟು ಪಟ್ಟು ಅರೀನಾ ಮಾಡಬಹುದು. ಮ್ಯಾಲಾಕ್ ಅರೀನಾ ಮ್ಯಾಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 2 ಕೊಟ್ಟು ಒಂದು ದಿನ ನೋಡಿ.

ಹಂತ 7: ಕಂಟೇನರ್ ಆಗಿದ್ದರೆ

ಜಾವಾ ಆವೃತ್ತಿ ಮೊದಲು ನೋಡಿ. ಹೀಪ್ ಹೇಳದಿದ್ದರೆ ಜಾವಾ ತನಗೆ ಕಂಡ ಮೆಮೊರಿಯ ಕಾಲು ಭಾಗ ತೆಗೆದುಕೊಳ್ಳುತ್ತದೆ. ಹಳೆಯ ಜಾವಾಗೆ ಕಂಟೇನರ್ ಮಿತಿ ಕಾಣುವುದಿಲ್ಲ, ಇಡೀ ಯಂತ್ರ ಕಾಣುತ್ತದೆ. 64 ಜಿಬಿ ಯಂತ್ರದಲ್ಲಿ 4 ಜಿಬಿ ಮಿತಿಯ ಕಂಟೇನರ್ ಇದ್ದರೆ ಅದು 16 ಜಿಬಿವರೆಗೆ ಹೀಪ್ ಬೆಳೆಸಲು ಹೊರಡುತ್ತದೆ, ಕರ್ನಲ್ ಕೊಲ್ಲುತ್ತದೆ. ಜಾವಾ 10 ಮತ್ತು 8 ರ ಅಪ್‌ಡೇಟ್ 191 ರಿಂದ ಇದು ಸರಿಯಾಗಿದೆ. ಆದರೆ ಹೊಸ ಲಿನಕ್ಸ್‌ಗಳು ಸಿಗ್ರೂಪ್‌ನ (ಕಂಟೇನರ್‌ಗೆ ಮಿತಿ ಹಾಕುವ ಲಿನಕ್ಸ್ ವ್ಯವಸ್ಥೆ) ಎರಡನೇ ಆವೃತ್ತಿ ಬಳಸುತ್ತವೆ. ಅದು ಅರ್ಥವಾಗಲು ಜಾವಾ 15, ಅಥವಾ 11.0.16, ಅಥವಾ 8 ರ ಅಪ್‌ಡೇಟ್ 372 ಬೇಕು. ಹೋಸ್ಟ್ ಅಪ್‌ಗ್ರೇಡ್ ಆದ ವಾರವೇ ಕಂಟೇನರ್‌ಗಳು ಸಾಯತೊಡಗಿದರೆ ಮೊದಲು ಇಲ್ಲೇ ಅನುಮಾನ ಪಡಿ.

ಮ್ಯಾಕ್ಸ್ ರ‍್ಯಾಮ್ ಪರ್ಸೆಂಟೇಜ್ (ಮೆಮೊರಿಯ ಶೇ. ಎಷ್ಟು ಹೀಪ್‌ಗೆ ಎಂದು ಹೇಳುವ ಆಯ್ಕೆ) ಡಿಫಾಲ್ಟ್ 25, ಅದು ಬಹಳ ಕಡಿಮೆ. 60 ರಿಂದ 70 ಕ್ಕೆ ಶುರು ಮಾಡಿ. 100 ರ ಹತ್ತಿರ ಒಯ್ಯಬೇಡಿ, ಹಂತ 2 ರಲ್ಲಿ ಹೇಳಿದ ಹೊರಗಿನ ಖರ್ಚಿಗೂ ಅದೇ ಮಿತಿಯೊಳಗೆ ಜಾಗ ಬೇಕು.

ಹಂತ 8: ಹೀಪ್ ಯಾವಾಗ ಹೆಚ್ಚಿಸಬೇಕು, ಸರಿಯಾಯಿತೆಂದು ಹೇಗೆ ತಿಳಿಯುವುದು

ಬುಡ ಸ್ಥಿರವಾಗಿದ್ದು ಎತ್ತರದಲ್ಲಿದ್ದರೆ ಹೀಪ್ ಹೆಚ್ಚಿಸುವುದು ಸರಿಯಾದ ಮದ್ದೇ. ಬುಡದ ಎರಡರಿಂದ ಮೂರು ಪಟ್ಟು ಹೀಪ್ ಇಟ್ಟರೆ ಕಲೆಕ್ಟರ್‌ಗೆ ಉಸಿರಾಡಲು ಜಾಗ ಇರುತ್ತದೆ. ಆದರೆ 32 ಜಿಬಿ ಗಡಿಯ ಹತ್ತಿರ ಎಚ್ಚರ. ಅದಕ್ಕಿಂತ ಕಡಿಮೆ ಇದ್ದಾಗ ಜಾವಾ ಪ್ರತಿ ರೆಫರೆನ್ಸನ್ನು 4 ಬೈಟ್‌ನಲ್ಲಿ ಇಡುತ್ತದೆ, ದಾಟಿದರೆ 8 ಬೈಟ್. 31 ರಿಂದ 35 ಜಿಬಿಗೆ ಏರಿಸಿದರೆ ನಿಜವಾಗಿ ಹಿಡಿಸುವ ಡೇಟಾ ಕಡಿಮೆಯೂ ಆಗಬಹುದು.

ಎಲ್ಲ ಪ್ರೊಡಕ್ಷನ್ ಸರ್ವರ್‌ಗಳಲ್ಲೂ ಮೂರು ಆಯ್ಕೆ ಶಾಶ್ವತವಾಗಿ ಇರಲಿ. ಔಟ್ ಆಫ್ ಮೆಮೊರಿ ಆದಾಗ ತಾನಾಗಿ ಹೀಪ್ ಡಂಪ್ ಬರೆಯುವುದು, ಅದರ ಫೋಲ್ಡರ್ ದಾರಿಯ ಜೊತೆ. ಹಳೆಯ ಫೈಲ್ ತಿರುಗಿಸುವ ಜಿಸಿ ಲಾಗ್. ಡಂಪ್ ಬರೆದ ಮೇಲೆ ಪ್ರಾಸೆಸ್ ನಿಲ್ಲಿಸುವ ಎಕ್ಸಿಟ್ ಆನ್ ಔಟ್ ಆಫ್ ಮೆಮೊರಿ ಎರರ್. ಅರ್ಧ ಸತ್ತ ಸರ್ವರ್ ರಿಕ್ವೆಸ್ಟ್ ತೆಗೆದುಕೊಳ್ಳುತ್ತಾ ಕೂರುವುದಕ್ಕಿಂತ ನಿಂತು, ಸಿಸ್ಟಂಡಿ ಅಥವಾ ಕುಬರ್ನೆಟಿಸ್ ಅದನ್ನು ಮತ್ತೆ ಎಬ್ಬಿಸುವುದು ಎಷ್ಟೋ ಮೇಲು.

ಕೋಡ್ ಸರಿ ಮಾಡಿದ ಮೇಲೆ ಪರೀಕ್ಷೆಗೆ ಒಂದು ಸುಲಭ ದಾರಿ ಇದೆ. ಟೆಸ್ಟ್ ಸರ್ವರ್‌ನಲ್ಲಿ ಹೀಪನ್ನು ಬೇಕೆಂದೇ ಕಡಿಮೆ ಮಾಡಿ, 1 ಜಿಬಿ ಸಾಕು. ಅನುಮಾನದ ಪುಟವನ್ನು ಜೆಮೀಟರ್‌ನಿಂದ (ಲೋಡ್ ಪರೀಕ್ಷೆಯ ಸಾಧನ) ಕೆಲವು ಗಂಟೆ ಹೊಡೆಸಿ. ಪ್ರೊಡಕ್ಷನ್‌ನಲ್ಲಿ ಎರಡು ವಾರ ಹಿಡಿಯುವ ಲೀಕ್ ಇಲ್ಲಿ ಮಧ್ಯಾಹ್ನದೊಳಗೆ ಹೊರಬರುತ್ತದೆ. ಹಳೆಯ ಕೋಡ್‌ನಲ್ಲಿ ಬೀಳಬೇಕು, ಹೊಸ ಕೋಡ್‌ನಲ್ಲಿ ಬುಡ ನೇರವಾಗಿ ನಿಲ್ಲಬೇಕು. ಎರಡನ್ನೂ ನೋಡಿದ ಮೇಲೆಯೇ ಟಿಕೆಟ್ ಮುಚ್ಚಿ, ಎರಡೂ ಜಿಸಿ ಲಾಗ್‌ಗಳನ್ನು ಅದಕ್ಕೆ ಲಗತ್ತಿಸಿ.